ಮೇಜಿನ ಮೇಲಣ ದೀಪ

ಹದಿನಾಲ್ಕನೆಯ ಶತಮಾನದ ವಿದ್ಯಾರಣ್ಯರು ಪಂಚದಶಿಯ ಹತ್ತನೆಯ ಪ್ರಕರಣಕ್ಕೆ ನಾಟಕದೀಪವೆಂದು ಹೆಸರಿಟ್ಟು, ನೃತ್ಯಶಾಲೆಯ ದೀಪವು ಪ್ರಭುವನ್ನೂ ಸಭ್ಯರನ್ನೂ ನರ್ತಕಿಯನ್ನೂ ಭೇದವೆಣಿಸದೆ ಬೆಳಗಿ, ಅವರೆಲ್ಲರೂ ಎದ್ದುಹೋದ ಬಳಿಕವೂ ತಾನೊಂದೇ ಬೆಳಗುತ್ತಿರುವಂತೆ, ಅಹಂಕಾರ, ವಿಷಯ, ಬುದ್ಧಿಗಳನ್ನು ಪ್ರಕಾಶಪಡಿಸುವ ಸಾಕ್ಷಿಚೈತನ್ಯವು ಅವು ಲಯಿಸಿದ ಮೇಲೂ ಇದ್ದೇ ಇರುವುದೆಂದು ನಿರೂಪಿಸಿದ್ದಾರೆ. ದೃಷ್ಟಾಂತವು ಮನೋಹರವಾದುದು, ಆದರೆ ಆ ದೀಪವನ್ನು ಅಲ್ಲಿರಿಸಿದ ಆಳಿನ ಶ್ರಮವನ್ನು ವೇದಾಂತಿಗಳು ವಿಚಾರಿಸಿದಂತೆ ತೋರದು.

ಅಂಕೋಲೆಯ ಮಗ್ಗುಲಿನ ಬೊಬ್ರುವಾಡದಲ್ಲಿ, ಬಂಧುಗಳೊಬ್ಬರ ಹಂಚಿನ ಮನೆಗೆ ಮುಂಬಯಿಯಿಂದ ಬಂದಿಳಿದ ಎಂಟಡಿಯ ಪೂಲ್ ಮೇಜಿನ ಮೇಲೆ ದೀಪ ತೂಗಹಾಕುವ ಕಾರ್ಯಕ್ಕೆ ಕೈಜೋಡಿಸಿದಾಗ ನನಗೆ ಆ ಶ್ರಮದ ಪರಿಚಯವಾಯಿತು. ಕೇರಂ ಹಲಗೆಗೆ ಧಾರಾಳವಾಗಿ ಸಾಲುವ ಒಂಟಿ ಬಲ್ಬಿನ ಬೆಳಕು ಇಲ್ಲಿ ಮೂಲೆಯ ಕುಳಿಗಳನ್ನು ತಲಪುವಷ್ಟರಲ್ಲಿ ಸೊರಗಿ, ಚೆಂಡುಗಳ ಹಿಂದೆ ನೀಳವಾದ ನೆರಳನ್ನೆಳೆಯುವುದು. ಆದುದರಿಂದ ಮೂರು ಬಲ್ಬುಗಳ ಉದ್ದನೆಯ ದೀಪವನ್ನು ಹಾಸುಬಟ್ಟೆಯಿಂದ ಸುಮಾರು ಮೂರಡಿ ಎತ್ತರದಲ್ಲಿ ತೂಗಿಸಬೇಕು. ಮನೆಯ ತೊಲೆಯೋ ಮೇಜಿನ ನಡುವಿಗೆ ಸರಿಯಾಗಿರಲಿಲ್ಲ. ಮೇಜನ್ನು ಸರಿಸೋಣವೆಂದರೆ ಕೋಲನ್ನು ಹಿಂದಕ್ಕೆಳೆಯಲು ಗೋಡೆ ಅಡ್ಡ. ಬಡಗಿಯು ಎರಡು ತೊಲೆಗಳಿಗೆ ಅಡ್ಡಪಟ್ಟಿಯೊಂದನ್ನು ಜಡಿದು, ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು ನಡುವನ್ನು ಗುರುತಿಸಿ, ಒಂದು ಸರಪಳಿಯಿಂದ ಕೊಂಡಿಯೊಂದನ್ನು ಕಳಚಿ, ರಸಮಟ್ಟದ ಗುಳ್ಳೆ ಮಧ್ಯದಲ್ಲಿ ನಿಂತಮೇಲೆಯೇ ಏಣಿಯಿಂದಿಳಿದನು.

ಅದಕ್ಕೆ ಮುನ್ನ ಅದೇ ದೀಪವನ್ನು ಉರಿಸಿನೋಡಲೆಂದು ಕಿಟಕಿಯ ಕಟ್ಟೆಯ ಮೇಲಿರಿಸಿದ್ದಾಗ, ಈಚೆಯವನಿಗೆ ಎಲ್ಲವೂ ಕಾಣುತ್ತಿದ್ದು, ಆಚೆಯವನ ಕಣ್ಣು ಕೋರೈಸುತ್ತಿತ್ತು. ದೀಪವು ಪಕ್ಷಪಾತಿಯೆನ್ನಲಾದೀತೆ? ಅದು ಆಡುವವರ ನಡುವೆಯೇ ಇದ್ದಿತು, ಅಷ್ಟೆ. ಮೇಲೇರಿ, ತಲೆಗೆ ಮರೆಯನ್ನು ಹೊದ್ದು, ತಾನು ಯಾರ ಕಣ್ಣಿಗೂ ಹೊಡೆಯದಂತಾದಾಗ ಇಬ್ಬರಿಗೂ ಸಮನಾಯಿತು. ಸಾಕ್ಷಿಯ ಔದಾಸೀನ್ಯವನ್ನು ನಿರ್ದಯವೆಂದು ಹಳಿಯುವ ಭಕ್ತರು, ಅದು ಹೃದಯದ ಕೊರತೆಯಾಗಿರದೆ ನೆಲೆಯ ಎತ್ತರವಾಗಿರಬಹುದೆಂಬುದನ್ನು ಯೋಚಿಸಬೇಕು. ಸಂಜೆ ಕಡಲಗಾಳಿ ನುಗ್ಗಿ ದೀಪ ತೂಗಾಡಿದಾಗ ನಿಂತ ಚೆಂಡುಗಳೂ ಚಲಿಸಿದಂತೆ ತೋರಿದವು. ಇಲ್ಲಿ ನಮ್ಮ ದೀಪವು ಆಚಾರ್ಯರ ದೀಪಕ್ಕೆ ಸಾಟಿಯಲ್ಲ, ಏಕೆಂದರೆ ಅವರ ಮತದಲ್ಲಿ ಅಲುಗುವುದು ಬುದ್ಧಿಯೇ ಹೊರತು ಸಾಕ್ಷಿಯಲ್ಲ.

ಆದರೂ ಬರಿದೆ ಬೆಳಗುವ ಸಾಕ್ಷಿಯ ಬಗೆಗಿನ ನನ್ನ ಸಂಶಯ ಪೂರ್ತಿ ಪರಿಹಾರವಾಗಲಿಲ್ಲ. ಕೋಲು ಬಿಳಿಯ ಚೆಂಡನ್ನು ಒಂದೇ ಹೊಡೆತದಲ್ಲಿ ಎರಡು ಬಾರಿ ತಾಕಿತೆಂದು ಮಾವನೂ, ಇಲ್ಲವೆಂದು ಅಳಿಯನೂ ವಾದಕ್ಕಿಳಿದರು. ದೀಪವು ಆ ಕ್ಷಣವನ್ನೂ ಚೆನ್ನಾಗಿಯೇ ಬೆಳಗಿದ್ದಿತು. ಅದರಿಂದ ಜಗಳ ತೀರಲಿಲ್ಲ. ಮೂಲೆಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಅಜ್ಜಿ, “ಟಕ್ ಟಕ್ ಅಂತ ಎರಡು ಸಲ ಕೇಳ್ತಲ್ಲೋ” ಎಂದಳು. ಇದೇ ಕರಾವಳಿಯಲ್ಲಿ ಹುಟ್ಟಿದ ಮಧ್ವಾಚಾರ್ಯರ ಸಿದ್ಧಾಂತದಲ್ಲಿ ಸಾಕ್ಷಿಯೆಂಬುದು ಜೀವನ ಸ್ವರೂಪೇಂದ್ರಿಯ. ಸುಖದುಃಖಗಳನ್ನು ನೇರವಾಗಿ ಅರಿಯುವುದೂ, ಕಣ್ಣು ಕಿವಿಗಳು ತಂದ ಜ್ಞಾನವು ಯಥಾರ್ಥವೇ ಎಂದು ನಿಶ್ಚಯಿಸುವುದೂ ಅದೇ. ಬೆಳಗಿ ಸುಮ್ಮನಿರುವ ಸಾಕ್ಷಿಗಿಂತ, ನೊಂದು ನಲಿದು ನಿರ್ಣಯಿಸುವ ಈ ಸಾಕ್ಷಿಯು ಸಂಸಾರಿಗಳಿಗೆ ಹೆಚ್ಚು ಸಮೀಪದ್ದೆಂದು ನನಗೆ ತೋರುತ್ತದೆ. ಅದ್ವೈತದ ಪಂಡಿತರು ಒಪ್ಪಲಾರರು. ಸೋತ ಅಳಿಯನಂತೂ ಮರುದಿನ ಆಟಕ್ಕೆ ಮುನ್ನ ಅಜ್ಜಿಯ ಕುರ್ಚಿಯನ್ನು ತಾನೇ ಮೇಜಿನ ಬಳಿಗೆ ತಂದಿಟ್ಟನು.