ಬಂದರು

ನಮ್ಮ ಘೋಡಗೇರಿಯ ಕಡೆ 'ಬಂದರು' ಎಂದರೆ ಒಂದೇ ಅರ್ಥ. ಬೀಗರು ಬಂದರು, ಮಾಸ್ತರರು ಬಂದರು, ವಸೂಲಿಯವರು ಬಂದರು. ಹಡಗು ನಿಲ್ಲುವ ಜಾಗಕ್ಕೂ ಅದೇ ಹೆಸರು ಎಂಬುದನ್ನು ನಾವು ಶಾಲೆಯ ಪುಸ್ತಕದಿಂದ ತಿಳಿಯಬೇಕಿತ್ತು. ನಾನು 'ಕಾರವಾರ ಒಂದು ಬಂದರು' ಎಂದು ಗಟ್ಟಿಯಾಗಿ ಓದುತ್ತಿದ್ದರೆ ಒಳಗಿನಿಂದ ಅಜ್ಜಿ, "ಕಾರವಾರದಿಂದ ಯಾರ ಬಂದ್ರವಾ?" ಎನ್ನುತ್ತಿದ್ದಳು. ಅವಳದೇನು ತಪ್ಪು? ನಮ್ಮ ಘಟಪ್ರಭೆ ಗೋಕಾಕದಲ್ಲಿ 52 ಮೀಟರು ಕೆಳಗೆ ಧುಮುಕುವ ಹೊಳೆ. ಅಂಥ ಹೊಳೆಯ ಸೀಮೆಯವರಿಗೆ ಹಡಗು ಎಲ್ಲಿಂದ ಬರಬೇಕು?

ಮದುವೆಯಾದ ಮೇಲೆ ಯಜಮಾನರಿಗೆ ಉಡುಪಿಗೆ ವರ್ಗವಾಗಿ, ಮಲ್ಪೆಯ ಬಂದರನ್ನು ಕಣ್ಣಾರೆ ಕಂಡೆ. ಬೋಟು ಕಟ್ಟುವ ಕಟ್ಟೆಗೆ ಅಲ್ಲಿಯವರು ಧಕ್ಕೆ ಎನ್ನುತ್ತಾರೆ. ನಮ್ಮಲ್ಲಿ ಧಕ್ಕೆ ಎಂದರೆ ಪೆಟ್ಟು. ಅಂತೂ ಸಮುದ್ರದ ಮಾತು ನನಗೆ ಮೊದಲಿನಿಂದಲೂ ತಿರುಗುಮುರುಗು. ಧಕ್ಕೆ ಇರುವುದು ಇಷ್ಟೇ, ಬೋಟುಗಳು ರಾಶಿ. ಹಾಗಾಗಿ ಒಂದರ ಮಗ್ಗುಲಿಗೆ ಇನ್ನೊಂದನ್ನು ಕಟ್ಟಿರುತ್ತಾರೆ, ನಡುವೆ ತಿಕ್ಕಾಡದಂತೆ ಹಳೆಯ ಟೈರು. ಹೊರಗಿನ ಬೋಟಿನವನು ದಡಕ್ಕೆ ಬರಬೇಕಾದರೆ ಒಳಗಿನ ಬೋಟುಗಳನ್ನು ತುಳಿದೇ ಬರಬೇಕು. ಮೀನು ಇಳಿಸಿದವನು ಅಲ್ಲೇ ಕೂತು ಹರಟುವಂತಿಲ್ಲ. ಹಿಂದಿನವನ ಮೀನು ಬಿಸಿಲಿಗೆ ಕೆಡುತ್ತಿರುತ್ತದೆ, ಬುಟ್ಟಿ ಹಿಡಿದ ಹೆಂಗಸರು ಕಾಯುತ್ತಿರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಅದೇ ಬೋಟು ವಾರಗಟ್ಟಲೆ ನಿಂತರೂ ಯಾರೂ 'ಸರಿ ಆಚೆ' ಎನ್ನುವುದಿಲ್ಲ. ಒಂದು ಗಳಿಗೆ ಹೆಚ್ಚಾಗುವುದೂ, ಎರಡು ತಿಂಗಳು ಹೆಚ್ಚಾಗದಿರುವುದೂ ಒಂದೇ ಜಾಗದಲ್ಲಿ!

ತಂಗುವ ರೀತಿನೀತಿಯನ್ನು ಪಾಠದ ಹಾಗೆ ಕಲಿತದ್ದು ಮಾತ್ರ 2018ರಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿ ನೌಕರಿಯಲ್ಲಿರುವ ನನ್ನ ತಂಗಿಯ ಮಗಳೂ ಅಳಿಯನೂ ಒಂದು ವಾರ ಕಾಲುವೆಯ ದೋಣಿ ಬಾಡಿಗೆಗೆ ಹಿಡಿದು ನನ್ನನ್ನೂ ಹತ್ತಿಸಿಕೊಂಡರು. ಉದ್ದನೆಯ, ಇಕ್ಕಟ್ಟಾದ, ಎಂಜಿನ್ ಇರುವ ದೋಣಿ. ಒಳಗೆ ಒಲೆ, ಮಂಚ, ಬಚ್ಚಲು ಎಲ್ಲ ಉಂಟು. ಗಂಟೆಗೆ ನಾಲ್ಕು ಮೈಲಿಗಿಂತ ಜೋರಾಗಿ ಹೋಗುವಂತಿಲ್ಲ. ನಡೆಸುವವರು ಹೊಸಬರು, ಆದ್ದರಿಂದ ಬಾಡಿಗೆ ಕೊಟ್ಟವನು ಒಂದು ಗಂಟೆ ಉಪದೇಶ ಮಾಡಿದ.

ಕಟ್ಟುವುದೇನೋ ನಮ್ಮ ಎಮ್ಮೆ ಕಟ್ಟಿದ ಹಾಗೆಯೇ. ದಡದಲ್ಲಿ ಕಬ್ಬಿಣದ ಗೂಟ ಹೊಡೆದು ಮುಂದೊಂದು ಹಿಂದೊಂದು ಹಗ್ಗ ಬಿಗಿಯುವುದು. ದಾರಿಹೋಕರು ಎಡವದಂತೆ ಗೂಟಕ್ಕೆ ಬಿಳಿಯದೇನಾದರೂ ಸಿಕ್ಕಿಸಬೇಕು. ತಿರುವಿನಲ್ಲಿ, ಸೇತುವೆಯ ಬುಡದಲ್ಲಿ ಕಟ್ಟಬಾರದು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಎಂಜಿನ್ ಸದ್ದು ಬೇಡ. ಇನ್ನೊಬ್ಬರ ದೋಣಿಗೆ ನಮ್ಮದನ್ನು ಕಟ್ಟುವುದಾದರೆ ಕೇಳಿ ಕಟ್ಟಬೇಕು; ಅದನ್ನು ದಾಟುವಾಗ ಅವರ ಕಿಟಕಿಯಲ್ಲಿ ಇಣುಕಬಾರದು. ಕುಡಿಯುವ ನೀರಿನ ನಳದ ಹತ್ತಿರ ತೊಟ್ಟಿ ತುಂಬುವಷ್ಟು ಹೊತ್ತು ಮಾತ್ರ ನಿಲ್ಲಬೇಕು. ಈ ಕೊನೆಯದನ್ನು ಕೇಳಿ ನಾನು ನಕ್ಕೆ. ಬೇಸಿಗೆಯಲ್ಲಿ ಬೀದಿ ನಳಕ್ಕೆ ಪಾಳಿ ಹಚ್ಚಿದವರಿಗೆ ಇದನ್ನು ಕಲಿಸಬೇಕೆ?

ನನ್ನ ಮನಸ್ಸು ನಿಂತದ್ದು ಬೇರೊಂದು ನಿಯಮದ ಮೇಲೆ. ಕಟ್ಟಿ ನಿಂತ ದೋಣಿಯ ಪಕ್ಕದಿಂದ ಹೋಗುವಾಗ ಎಂಜಿನ್ನನ್ನು ತೀರ ಸಣ್ಣಗೆ ಮಾಡಬೇಕು. ಜೋರಾಗಿ ಹೋದರೆ ನೀರು ಸೆಳೆದು ನಿಂತವರ ಹಗ್ಗ ಜಗ್ಗುತ್ತದೆ, ಒಮ್ಮೊಮ್ಮೆ ಗೂಟವೇ ಕಿತ್ತು ಬರುತ್ತದೆ. ಒಳಗೆ ಯಾರದೋ ಚಹಾ ಚೆಲ್ಲುತ್ತದೆ. ತಂಗಿದವರು ಹೇಗಿರಬೇಕೆಂದು ಹೇಳುವವರು ಎಲ್ಲೆಲ್ಲೂ ಇದ್ದಾರೆ. ಪಕ್ಕದಲ್ಲಿ ಹಾದುಹೋಗುವವರು ಹೇಗಿರಬೇಕೆಂದು ನಮಗೆ ಯಾರು ಹೇಳಿಕೊಟ್ಟಿದ್ದರು?

ಇನ್ನೊಂದು ಸಂಗತಿ. ಆ ಕಾಲುವೆಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡ ಜನ ಇದ್ದಾರೆ, ಬಾಡಿಗೆ ಮನೆ ಎಟುಕದವರೂ ಅವರಲ್ಲಿ ಸೇರಿದ್ದಾರೆ. 1995ರ ಕಾಯ್ದೆಯ ಪ್ರಕಾರ, ಕಾಯಂ ಜಾಗವಿಲ್ಲದ ದೋಣಿ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲಬಾರದು. ಆದರೆ ಅಲ್ಲೇ ಒಂದು ಮಾತು ಸೇರಿಸಿದ್ದಾರೆ: ಸಂದರ್ಭ ನೋಡಿ ನ್ಯಾಯವೆನಿಸುವಷ್ಟು ಹೆಚ್ಚು ದಿನ ನಿಲ್ಲಬಹುದು. ಎಂಜಿನ್ ಕೆಟ್ಟರೆ, ನೀರು ಹೆಪ್ಪುಗಟ್ಟಿದರೆ, ಒಳಗಿನವರು ಜಡ್ಡು ಬಿದ್ದರೆ ನಿಲ್ಲಲಿ ಎಂದು. ಒಳ್ಳೆಯ ಮಾತು. ಆದರೆ 'ನ್ಯಾಯವೆನಿಸುವಷ್ಟು' ಎಂದರೆ ಯಾರಿಗೆ ಅನಿಸಬೇಕು? ನಿಂತವನಿಗೋ, ಕಾಯುವವನಿಗೋ, ದಡದ ಯಜಮಾನನಿಗೋ?

ಮರುವರ್ಷವೇ ಈ ಪ್ರಶ್ನೆ ಬೆಳಗಾವಿಯ ನಮ್ಮ ಎರಡು ಕೋಣೆಯ ಮನೆಗೆ ಬಂತು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಹರಿದಾಗ ಹೊಳೆದಂಡೆಯ ಊರಿನಲ್ಲಿದ್ದ ನನ್ನ ಚಿಗವ್ವನ ಮಣ್ಣಿನ ಮನೆ ಕುಸಿಯಿತು. ಚಿಗವ್ವ, ಅವಳ ಸೊಸೆ, ಎರಡು ಮೊಮ್ಮಕ್ಕಳು, ಒಂದು ಟ್ರಂಕು. ಮೊದಲ ಎಂಟು ದಿನ ನೆರೆಮನೆಯವರೂ ಪಲ್ಯ ರೊಟ್ಟಿ ತಂದುಕೊಟ್ಟರು. ಹದಿನೈದು ದಿನವಾದ ಮೇಲೆ ಅದೇ ಬಾಯಿಂದ, "ಇನ್ನೂ ಅದಾರೇನ್ರಿ?" ಶುರುವಾಯಿತು. ಹೊಳೆ ಇಳಿದಿತ್ತು. ಇಳಿದ ಹೊಳೆ ಗೋಡೆಯನ್ನು ಎತ್ತಿ ನಿಲ್ಲಿಸಿ ಹೋಗುವುದಿಲ್ಲವಲ್ಲ.

ನಮ್ಮಲ್ಲಿ ಹೆಚ್ಚಿನವರು ದಿನವನ್ನು ಆತಿಥ್ಯ ಕೊಡುವವರ ತಾಳ್ಮೆಯಿಂದ ಅಳೆಯುತ್ತೇವೆ. ಬೇಸರ ಬಂದ ದಿನವೇ ಅವಧಿ ಮುಗಿದ ದಿನ. ನನಗೆ ಅದು ಒಪ್ಪಿಗೆಯಾಗಲಿಲ್ಲ, ಇಂದಿಗೂ ಇಲ್ಲ. ಅಳೆಯಬೇಕಾದದ್ದು ನಿಂತವರ ಹೊರೆಯನ್ನು. ಹಾಗೆಂದು ಕಾಯುವವರಿಗೆ ಹಕ್ಕೇ ಇಲ್ಲವೆಂದಲ್ಲ. ಮಲಗುವ ಮೂಲೆ ಬೇರೆ, ನೀರಿನ ನಳ ಬೇರೆ. ಚಿಗವ್ವ ನಡುಮನೆಯ ಮೂಲೆಯಲ್ಲಿ ಎಷ್ಟು ದಿನ ಮಲಗಿದರೂ ಯಾರ ಗಂಟೂ ಹೋಗುವುದಿಲ್ಲ. ಆದರೆ ಬೆಳಿಗ್ಗೆ ಏಳು ಗಂಟೆಯ ಬಚ್ಚಲು, ಗ್ಯಾಸಿನ ಒಲೆ ಇವು ನಳದ ಹಾಗೆ. ಅಲ್ಲಿ ಎಂಥ ಕಷ್ಟದವರೂ ತುಂಬಿಕೊಂಡು ಸರಿಯಬೇಕು, ಮನೆಯೊಡತಿಯೂ ಸರಿಯಬೇಕು. ಸೊಸೆಗೂ ನನಗೂ ಜಗಳವಾದದ್ದೆಲ್ಲ ಒಲೆಯ ಮುಂದೆಯೇ. ಅವು ನ್ಯಾಯದ ಜಗಳಗಳು. ಎರಡೂ ಕಡೆ ಮಕ್ಕಳಿಗೆ ಡಬ್ಬಿ ಕಟ್ಟಬೇಕಿತ್ತು.

ಚಿಗವ್ವನ ರೀತಿ ನೋಡಿ ನನಗೆ ಹೆಚ್ಚು ಸಂಕಟವಾಗುತ್ತಿತ್ತು. ನಾವು ಏಳುವ ಮೊದಲೇ ಹಾಸಿಗೆ ಸುತ್ತಿಟ್ಟು ಮೂಲೆ ಬರಿದು ಮಾಡುತ್ತಿದ್ದಳು. ಟ್ರಂಕಿನಿಂದ ಸೀರೆ ತೆಗೆದು ಬೇರೆಡೆ ಇಟ್ಟವಳಲ್ಲ. ಗೂಟವನ್ನು ಆಳಕ್ಕೆ ಹೊಡೆಯದವರ ಹಾಗೆ. ಮನೆಗೆ ಯಾರಾದರೂ ಬಂದರೆ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ನನ್ನ ಮಗ ಬಾಗಿಲು ಧಡಾರನೆ ಹಾಕಿದರೆ, ಯಾರ ಮೇಲಿನ ಸಿಟ್ಟೋ ಎಂದು ಬೆಚ್ಚುತ್ತಿದ್ದಳು. ಅವನಿಗೆ ಅಷ್ಟೇ ಹೇಳಿದ್ದೆ, ಬಾಗಿಲು ಸಾವಕಾಶ ಹಾಕು ಎಂದು. ಪರೀಕ್ಷೆಗೆ ಓದುವ ಹುಡುಗನಿಗೆ ಕಾಲುವೆಯ ಕತೆ ಯಾಕೆ?

ದೀಪಾವಳಿಗೆ ಮೊದಲು ಚಿಗವ್ವ ಹೊರಟಳು. ತಗಡು ಹೊದಿಸಿದ ಒಂದೇ ಕೋಣೆ ಎದ್ದಿತ್ತು, ನೆಲ ಇನ್ನೂ ಹಸಿ ಇತ್ತು. "ಇನ್ನೊಂದು ತಿಂಗಳ ಇರ ಬೇ ಚಿಗವ್ವ" ಎಂದೆ. ಅವಳು ಉತ್ತರ ಕೊಡದೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಟ್ರಂಕಿನ ಒಂದು ಹಿಡಿಕೆಯನ್ನು ಸೊಸೆಗೆ ಹಿಡಿಯಲು ಹೇಳಿದಳು.