ಕಣ್ಣಿಗೆ ಕಾಣದ ವಾಟ

ಸಿರುಗುಪ್ಪದ ನಮ್ಮ ದೊಡ್ಡಮ್ಮ ಬೇಸಿಗೆಯಲ್ಲಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ನಮಗೆ ಅದು ಗೊತ್ತಾದದ್ದು ತಡವಾಗಿ. ನಮ್ಮ ಸೀಮೆಯ ಏಪ್ರಿಲ್ ಅಂದರೆ ಬಿಸಿಲು ನಲವತ್ತು ದಾಟಿ ನಿಂತಿರುತ್ತದೆ, ಹನ್ನೊಂದು ಗಂಟೆಗೇ ಬೀದಿ ಖಾಲಿ. ಅಂಥ ಹೊತ್ತಿನಲ್ಲಿ ತುಟಿ ಒಣಗಿಸಿಕೊಂಡು ಕೂತವಳನ್ನು ಕೇಳಿದರೆ "ಬಾಯಾರಿಕಿ ಇಲ್ಲಪ್ಪ" ಅನ್ನುತ್ತಿದ್ದಳು. ಒಂದು ದಿನ ಸಂಡಾಸಿನ ಬಾಗಿಲು ತೆರೆದಾಗ ಕಾರಣ ಕಂಡಿತು. ನಲ್ಲಿಯ ಪೈಪಿಗೆ ಹಳೇ ಸೀರೆಯ ತುಂಡೊಂದನ್ನು ಹುರಿ ಮಾಡಿ ಕಟ್ಟಿದ್ದಳು. ಕುಕ್ಕರಗಾಲಲ್ಲಿ ಕೂತಮೇಲೆ ಮಂಡಿ ಮಾತು ಕೇಳುವುದಿಲ್ಲ. ಆ ಸೀರೆ ಹಿಡಿದು ಜಗ್ಗಿ ಏಳುತ್ತಿದ್ದಳು. ಪೈಪು ಗೋಡೆಯಿಂದ ಅರ್ಧ ಕಿತ್ತು ಬಂದಿತ್ತು. ನೀರು ಕುಡಿದರೆ ಹೋಗಬೇಕು, ಹೋದರೆ ಏಳಲಾಗದು, ಅದಕ್ಕೆ ನೀರೇ ಬೇಡ ಎಂದು ತಾನೇ ತೀರ್ಮಾನಿಸಿಕೊಂಡಿದ್ದಳು.

ನಲವತ್ತು ವರ್ಷದ ಹಿಂದೆ ಕಟ್ಟಿದ ಮನೆ ಅದು. ಹಿತ್ತಲ ಮೂಲೆಗೆ ಸಂಡಾಸು, ಪಕ್ಕಕ್ಕೆ ಬಚ್ಚಲು, ಆಚೆ ಅಡುಗೆಮನೆ. ಅದಕ್ಕೂ ಮುಂಚೆ ಓಣಿಯ ಹೆಂಗಸರು ನಸುಕಿಗೆ ಇಲ್ಲವೇ ಕತ್ತಲಾದ ಮೇಲೆ ಚೊಂಬು ಹಿಡಿದು ಬಯಲಿಗೆ ಹೋಗುತ್ತಿದ್ದವರು. ಮನೆಯೊಳಗೆ ಸಂಡಾಸು ಬಂದ ದಿನ ಬದುಕಿದೆವು ಅಂದುಕೊಂಡ ಅದೇ ಹೆಂಗಸರಿಗೆ ಈಗ ಎಪ್ಪತ್ತು ದಾಟಿದೆ. ಬಳ್ಳಾರಿಯ ಗಾಂಧಿನಗರ, ಕೌಲ್ ಬಜಾರ್, ಕುರುಗೋಡಿನ ಹಳೇ ಓಣಿ, ಎಲ್ಲಿ ಹೋದರೂ ಇಂಡಿಯನ್ ತೆಗೆಸಿ ವೆಸ್ಟರ್ನ್ ಕೂಡಿಸುವ ಮಾತು ಕಿವಿಗೆ ಬೀಳುತ್ತದೆ. ಅಂದಕ್ಕೆ ಮಾಡಿಸುವವರೂ ಇದ್ದಾರೆ. ನಾನು ಕಂಡ ಮನೆಗಳಲ್ಲಿ ಮಾತ್ರ ಆ ಮಾತಿನ ಹಿಂದೆ ಒಬ್ಬ ಅವ್ವನ ಮಂಡಿ ಇತ್ತು, ಇಲ್ಲವೇ ಪಾರ್ಶ್ವವಾಯು ಹೊಡೆದ ಒಬ್ಬ ಅಪ್ಪ ಇದ್ದ.

ನಾವೂ ಅವಸರಕ್ಕೆ ಬಿದ್ದೆವು. ಅಂಗಡಿಯಲ್ಲಿ ಹೊಳೆಯುವ ಕಮೋಡು ಆರಿಸಿದೆವು, ಅಲ್ಲಿಂದಲೇ ಒಬ್ಬ ಕೂಡಿಸುವವನನ್ನು ಕರೆತಂದೆವು. ಅರ್ಧ ದಿನದಲ್ಲಿ ಮುಗಿಸಿಕೊಟ್ಟ. ನೋಡಲು ಬಂದವರು ಹೊಗಳಿ ಹೋದರು. ಎಂಟು ದಿನಕ್ಕೆ ವಾಸನೆ ಶುರುವಾಯಿತು. ತಿಂಗಳು ತುಂಬುವಷ್ಟರಲ್ಲಿ ಬಚ್ಚಲ ಗೋಡೆ ದಾಟಿ ಅಡುಗೆಮನೆಯ ಬುಡಕ್ಕೆ ತೇವ ಬಂತು. ಹಿಡಿಕೆ ಹಾಕಿರಲಿಲ್ಲ; ಹೀಗಾಗಿ ಹೊಸ ಕಮೋಡಿನ ಪಕ್ಕದಲ್ಲೂ ಅದೇ ಹಳೇ ಸೀರೆ ತೂಗುತ್ತಿತ್ತು. ನನ್ನ ಮನಸ್ಸಿಗೆ ಹೆಚ್ಚು ಕಷ್ಟವಾದದ್ದು ಈ ಕೊನೆಯ ಮಾತು. ಇಪ್ಪತ್ತು ಸಾವಿರದ ಹತ್ತಿರ ಖರ್ಚು ಮಾಡಿದ್ದೆವು, ಯಾರಿಗಾಗಿ ಮಾಡಿದ್ದೆವೋ ಆಕೆಯನ್ನು ಒಂದು ಮಾತೂ ಕೇಳಿರಲಿಲ್ಲ.

ಆಮೇಲೆ ಬಂದವರು ಕುರುಗೋಡು ಕಡೆಯ ಹಿರಿಯ ಮೇಸ್ತ್ರಿ. ಚೀಲ ಬಿಚ್ಚುವ ಮೊದಲು ಎರಡು ಪ್ರಶ್ನೆ ಕೇಳಿದರು. "ಇದರ ಮ್ಯಾಲೆ ಕೂಡೋರು ಯಾರ್ರೀ? ಇದು ಹೋಗಿ ಬೀಳಾದು ಎಲ್ಲಿಗ್ರೀ?" ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ. ಕಮೋಡಿನ ಕಂಪನಿ ಯಾವುದೆಂದು ಅವರು ಕೇಳಲೇ ಇಲ್ಲ. ಒಂದು ಬಕೆಟ್ ನೀರು ತರಿಸಿ ಒಂದೇ ಸಲಕ್ಕೆ ಸುರಿದರು, ಬಗ್ಗಿ ಕಿವಿಗೊಟ್ಟು ಕೇಳಿದರು. ನೀರು ಗುಳುಗುಳು ಅಂದು, ತಡೆದು, ನಿಧಾನಕ್ಕೆ ಇಳಿಯಿತು. "ಮ್ಯಾಲೆ ಎಷ್ಟು ಚಂದ ಇದ್ರೆ ಏನ್ ಬಂತ್ರೀ, ಒಳಗ ವಾಟ ತಪ್ಪೈತಿ."

ವಾಟ ಅಂದರೆ ನೀರು ತಾನಾಗಿ ಸಾಗುವ ಇಳಿಜಾರು. ನಾಲ್ಕು ಇಂಚಿನ ಪೈಪಿಗೆ ಹತ್ತು ಅಡಿ ಉದ್ದಕ್ಕೆ ಎರಡರಿಂದ ಮೂರು ಇಂಚು ಇಳಿತ ಬೇಕು. ಕಡಿಮೆಯಾದರೆ ಕಸ ಅಲ್ಲಲ್ಲೇ ಕೂರುತ್ತದೆ. ಜಾಸ್ತಿ ಕೊಟ್ಟರೆ ಒಳ್ಳೆಯದು ಎಂದುಕೊಳ್ಳುವವರಿದ್ದಾರೆ. ವಿಪರೀತ ಇಳಿಜಾರಿನಲ್ಲಿ ನೀರು ಮುಂದೆ ಓಡಿ ಗಟ್ಟಿ ಹಿಂದೆ ಉಳಿಯುತ್ತದೆ ಎಂದು ಮೇಸ್ತ್ರಿಯೇ ಹೇಳಿದರು. ನಮ್ಮಲ್ಲಿ ಹಳೇ ಪೈಪು ನಡುವೆ ಎಲ್ಲೋ ಕುಸಿದಿತ್ತು. ಮೊದಲು ಬಂದವನು ನೆಲ ಒಡೆಯದೆ, ಹಳೇ ಪ್ಯಾನಿನ ಬಾಯಿಗೇ ಕಮೋಡನ್ನು ಕೂಡಿಸಿ ಸುತ್ತ ವೈಟ್ ಸಿಮೆಂಟ್ ಮೆತ್ತಿ ಹೋಗಿದ್ದ. ಬಾಯಿಗೆ ಬಾಯಿ ಕೂಡಿರಲಿಲ್ಲ, ಒಂದೂವರೆ ಇಂಚು ಆಚೀಚೆ ಆಗಿತ್ತು. ಅಳತೆಯನ್ನು ಬರೀ ಗೋಡೆಯಿಂದ ಹಿಡಿದಿದ್ದ. ಟೈಲ್ಸು, ಅದರ ಹಿಂದಿನ ಗಾರೆ ಎರಡೂ ಸೇರಿದ ಮೇಲಿನ ಮುಖದಿಂದ ಹಿಡಿಯಬೇಕು. ನೆಲಕ್ಕೆ ಇಳಿಯುವ ಎಸ್ ಟ್ರ್ಯಾಪ್ ಆದರೆ ಗೋಡೆಯಿಂದ ರಂಧ್ರದ ನಡುವಿಗೆ ಎಷ್ಟು ಇಂಚು, ಗೋಡೆಯೊಳಗೆ ಹೋಗುವ ಪಿ ಟ್ರ್ಯಾಪ್ ಆದರೆ ನೆಲದಿಂದ ಎಷ್ಟು ಎತ್ತರ, ಇದನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಬೇಕಂತೆ. ನಾವು ಹೋಗಿದ್ದು ಬಣ್ಣ ನೋಡಲು.

ಟ್ರ್ಯಾಪ್ ಅನ್ನುವ ಆ ಬಾಗಿದ ಕೊಳವೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ, ಆ ನೀರೇ ಗುಂಡಿಯ ಗಾಳಿಗೂ ನಮ್ಮ ಮೂಗಿಗೂ ನಡುವಿನ ಬಾಗಿಲು. ಇದಕ್ಕೆ 1775ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮಿಂಗ್, ಲಂಡನ್ನಿನಲ್ಲಿದ್ದ ಗಡಿಯಾರ ಮಾಡುವವ. ಕೂದಲೆಳೆಯ ಲೆಕ್ಕದಲ್ಲಿ ಕೆಲಸ ಮಾಡುವವನಿಗೆ ಇದು ಹೊಳೆದದ್ದು ನನಗೆ ಸಹಜವಾಗಿಯೇ ಕಾಣುತ್ತದೆ. ಇನ್ನೂರೈವತ್ತು ವರ್ಷವಾದರೂ ಜಗತ್ತಿನ ಹೆಚ್ಚಿನ ಕಮೋಡುಗಳು ಆ ಒಂದು ಗುಟುಕು ನೀರನ್ನೇ ನಂಬಿಕೊಂಡಿವೆ. ನಮ್ಮ ಬಳ್ಳಾರಿ ಬಿಸಿಲಿಗೆ ಅದು ಆವಿಯಾಗುವುದೂ ಬೇಗ. ಬೇಸಿಗೆ ರಜೆಗೆ ಮನೆಗೆ ಬೀಗ ಹಾಕಿ ಹೋಗಿ ಬಂದವರು ಬಾಗಿಲು ತೆರೆದೊಡನೆ ಮೂಗು ಮುಚ್ಚಿಕೊಳ್ಳುತ್ತಾರಲ್ಲ, ಹೆಚ್ಚಿನ ಸಲ ಕೆಟ್ಟದ್ದೇನೂ ಇರುವುದಿಲ್ಲ, ಬಾಗಿನ ನೀರು ಆರಿರುತ್ತದೆ. ಎರಡು ಚೊಂಬು ಸುರಿದರೆ ಸರಿಹೋಗುತ್ತದೆ. ಅದಕ್ಕೆ ಆ್ಯಸಿಡ್ ಸುರಿಯುವುದು ಬೇಡ. ಆ್ಯಸಿಡ್ ಟೈಲ್ಸ್ ಸಂದಿನ ಸಿಮೆಂಟನ್ನು ತಿನ್ನುತ್ತದೆ, ಲೋಹದ ನಲ್ಲಿ ಹಿಡಿಕೆಗಳನ್ನು ಕೆಡಿಸುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಬೆರೆತರೆ ಎದೆ ಹಿಂಡುವ ಕ್ಲೋರಿನ್ ಅನಿಲ ಎಬ್ಬಿಸುತ್ತದೆ.

ಮೇಸ್ತ್ರಿಯ ಎರಡನೇ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಒಂದೇ ಉತ್ತರವಿಲ್ಲ. ಬಳ್ಳಾರಿ ನಗರದಲ್ಲಿ ಒಳಚರಂಡಿ ಇರುವ ಕಡೆ ಮನೆಯ ಪೈಪು ಚೇಂಬರಿಗೆ ಸೇರುತ್ತದೆ. ಗುಡ್ಡದ ಆಸುಪಾಸಿನಲ್ಲಿ ಗುಂಡಿ ತೋಡಲು ಹೋದರೆ ಬಂಡೆ ಎದುರಾಗುತ್ತದೆ. ಸಿರುಗುಪ್ಪ, ಕುರುಗೋಡು ಕಡೆ ಎರೆಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ವರ್ಷಕ್ಕೊಮ್ಮೆ ಹೀಗೆ ಉಸಿರಾಡುವ ನೆಲದ ಮೇಲೆ ಪೈಪನ್ನು ಸುಮ್ಮನೆ ಇಟ್ಟು ಮುಚ್ಚಿದರೆ ಜೋಡು ಬಿಡದೆ ಇದ್ದೀತೇ? ನಮ್ಮ ಮನೆಯದೂ ಹಾಗೇ ಕುಸಿದದ್ದು. ಮೇಸ್ತ್ರಿ ಕಾಲುವೆ ಅಗಲ ಮಾಡಿ, ಎರೆ ತೆಗೆಸಿ, ಗರಸು ತುಂಬಿ ದಮ್ಮಸು ಮಾಡಿಸಿ, ಅದರ ಮೇಲೆ ಮರಳು ಹಾಸಿ ಪೈಪು ಮಲಗಿಸಿದರು.

ಇಂಗುಗುಂಡಿಯದ್ದೂ ಇದೇ ಕಥೆ. ಮರಳುನೆಲ ದಿನಕ್ಕೆ ಒಂದು ಚದರ ಮೀಟರಿಗೆ 50 ಲೀಟರಿನಷ್ಟು ನೀರು ಹೀರಿದರೆ ಜೇಡಿನೆಲ ಹೀರುವುದು 10 ಲೀಟರ್. ಎರೆನೆಲದಲ್ಲಿ ಗುಂಡಿ ದೊಡ್ಡದಿರಬೇಕು, ಸುತ್ತಲೂ ಒಂದಡಿ ಅಗಲಕ್ಕೆ ಮರಳಿನ ಹೊದಿಕೆ ಕೊಡಬೇಕು ಎಂದು ತಾಂತ್ರಿಕ ಕೈಪಿಡಿಗಳು ಹೇಳುವುದು ಇದಕ್ಕೇ. ಜೊತೆಗೆ ಸಿರುಗುಪ್ಪದ ಸುತ್ತ ತುಂಗಭದ್ರಾ ಕಾಲುವೆಯ ಭತ್ತದ ಗದ್ದೆಗಳಿವೆ. ನೀರು ಬಿಟ್ಟ ತಿಂಗಳುಗಳಲ್ಲಿ ನೆಲದೊಳಗಿನ ನೀರು ಮೇಲೆ ಬರುತ್ತದೆ, ಆಗ ಗುಂಡಿಯಿಂದ ಇಂಗಲು ಜಾಗವೇ ಇರುವುದಿಲ್ಲ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾದ ಮೇಲೆ 12,000 ರೂಪಾಯಿಯ ಸಹಾಯಧನದಲ್ಲಿ ಹಳ್ಳಿಹಳ್ಳಿಗೂ ಶೌಚಾಲಯ ಬಂದವು. ಬಿಂದೇಶ್ವರ ಪಾಠಕ್ ಅವರು 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆ ಕಟ್ಟಿ ದೇಶಕ್ಕೆ ಪರಿಚಯಿಸಿದ ಜೋಡಿ ಗುಂಡಿಯ ವಿಧಾನ ಅಲ್ಲಿ ಮುಖ್ಯ. ಒಂದು ಗುಂಡಿ ತುಂಬಿದರೆ ಇನ್ನೊಂದಕ್ಕೆ ತಿರುಗಿಸುವುದು. ಮೊದಲನೆಯದನ್ನು ಒಂದೂವರೆ ಎರಡು ವರ್ಷ ಮುಚ್ಚಿಟ್ಟರೆ ಒಳಗಿನದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಎಷ್ಟು ಸರಳ! ಆದರೆ ಎರಡು ಗುಂಡಿಯನ್ನೂ ಒಟ್ಟಿಗೇ ತೆರೆದಿಟ್ಟ ಮನೆ ನೋಡಿದ್ದೇನೆ, ಎರಡನೆಯದನ್ನು ತೋಡದೇ ಬಿಟ್ಟದ್ದನ್ನೂ. ಕಟ್ಟಿದ ಶೌಚಾಲಯದಲ್ಲಿ ಸೌದೆ, ಹೊಟ್ಟಿನ ಚೀಲ ತುಂಬಿದ್ದಾರೆ ಎಂದು ಹಳ್ಳಿಯವರನ್ನು ದೂರುವ ಮೊದಲು ಅಲ್ಲಿ ಒಂದು ಬಕೆಟ್ ನೀರು ಸುರಿದು ನೋಡಬೇಕು. ಇಳಿಯದ ಸಂಡಾಸಿಗೆ ಯಾರು ಹೋಗುತ್ತಾರೆ?

"ಎಲ್ಲಿಗೆ ಹೋಗಿ ಬೀಳಾದು" ಎಂಬುದರ ಹಿಂದೆ ಇನ್ನೊಂದು ಪ್ರಶ್ನೆ ಇದೆ. ಅದು ಕಟ್ಟಿಕೊಂಡರೆ ಯಾರು ಇಳಿಯಬೇಕು? ಈ ನಾಡಿನಲ್ಲಿ ಅದಕ್ಕೆ ಬಹುಕಾಲ ಒಂದೇ ಉತ್ತರ ಇತ್ತು, ಕೆಲವೇ ಜಾತಿಯ ಜನ. ದೇವರಾಜ ಅರಸು ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆದೇಶ ತಂದರು. ಆದರೂ ಕೆಜಿಎಫ್‌ನ ಕಾಲೊನಿಗಳಲ್ಲಿ ಒಣಪಾಯಖಾನೆಗಳು ಮುಂದುವರಿದವು. ಅಲ್ಲಿ ಅದೇ ಕೆಲಸ ಮಾಡುತ್ತಿದ್ದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ಆಯುಷ್ಯ ಮುಡಿಪಿಟ್ಟರು, 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2013ರ ಕಾಯ್ದೆ, ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ಅಪರಾಧವೆಂದಿತು. ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿತು. ಇಷ್ಟಾದ ಮೇಲೂ ಸಾವಿನ ಸುದ್ದಿ ಬರುತ್ತಲೇ ಇದೆ. ಟ್ಯಾಂಕಿನೊಳಗೆ ಹುಟ್ಟುವ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯದಾಗುತ್ತದೆ. ಏನೂ ಇಲ್ಲ ಎಂದು ಇಳಿದವನು ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ಇಳಿದ ಅಣ್ಣನೋ ತಮ್ಮನೋ ಬರುವುದಿಲ್ಲ.

ಟ್ಯಾಂಕಿನ ಮೇಲೆ ಮುಚ್ಚಳವೇ ಬಿಡದೆ ಟೈಲ್ಸ್ ಹಾಕಿದ ಮನೆಗಳನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಹೀರುವ ಗಾಡಿ ಕರೆಸಿ ಖಾಲಿ ಮಾಡಿಸಬೇಕಾದದ್ದು ಅದು. ಗಾಡಿಯ ಪೈಪು ಇಳಿಯಲು ಬಾಯಿ ಬೇಕು, ಗಾಡಿ ಹತ್ತಿರ ಬರಲು ದಾರಿ ಬೇಕು, ಗಾಳಿ ಹೊರಹೋಗಲು ಎತ್ತರದ ಪೈಪು ಬೇಕು. ಇವನ್ನು ಕಟ್ಟುವ ದಿನವೇ ಯೋಚಿಸದ ಮನೆಯವರು ಮುಂದೊಂದು ದಿನ ಒಬ್ಬ ಮನುಷ್ಯನ ಮೈಯನ್ನೇ ಸಲಕರಣೆ ಮಾಡಿಕೊಳ್ಳುತ್ತಾರೆ.

ಕಮೋಡಿಗೆ ಹೇಳಿದ ಬೆಲೆ ಕೊಡುವ ನಾವು ಕೂಡಿಸುವವರ ಕೂಲಿಗೆ ಚೌಕಾಶಿ ಮಾಡುತ್ತೇವೆ. ಐಟಿಐಗಳಲ್ಲಿ ಪ್ಲಂಬರ್ ಎಂಬ ಒಂದು ವರ್ಷದ ಕೋರ್ಸೇ ಇದೆ. ನಮ್ಮ ಮೇಸ್ತ್ರಿ ಯಾವ ಕೋರ್ಸನ್ನೂ ಓದಿದವರಲ್ಲ, ತಂದೆಯ ಹಿಂದೆ ಕಲ್ಲು ಹೊತ್ತು ಕಲಿತವರು. ಮೂರು ದಿನ ತೆಗೆದುಕೊಂಡರು. ಹೊಸ ಪೈಪಿಗೆ ನೀರು ತುಂಬಿ, ಕೆಳಗಿನ ಬಾಯಿ ಕಟ್ಟಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬ್ಯಾಟರಿ ಹಿಡಿದು ಒಂದೊಂದು ಜೋಡನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಬೆರಳು ಒಣಗಿದ್ದರೆ ಮಾತ್ರ ಮಣ್ಣು ಮುಚ್ಚಲು ಒಪ್ಪಿಗೆ. ಒಳಕ್ಕೆ ತೆರೆಯುತ್ತಿದ್ದ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿದರು. "ಹಿರೇರು ಒಳಗ ಬಿದ್ರ ಬಾಗ್ಲಿಗೇ ಅಡ್ಡ ಬೀಳ್ತಾರ, ತೆಗಿಯಾಕ ಬರಂಗಿಲ್ಲ" ಅಂದರು.

ಕೊನೆಗೆ ಹಿಡಿಕೆ. ಗೋಡೆಗೆ ತೂತು ಹೊಡೆಯುವ ಮುಂಚೆ ದೊಡ್ಡಮ್ಮನನ್ನು ಕರೆದರು. "ಅಮ್ಮಾ, ಮುಚ್ಚಳದ ಮ್ಯಾಲೆ ಸುಮ್ನೆ ಕೂಡ್ರಿ. ಏಳಾಕ ಕೈ ಎಲ್ಲಿಗೆ ಹೋಗತೈತಿ ತೋರಸ್ರಿ." ಆಕೆ ಸಂಕೋಚದಿಂದ ಕೂತು, ಕೈ ಚಾಚಿ, ಗೋಡೆ ಮುಟ್ಟಿದಳು. ಮೇಸ್ತ್ರಿ ಆ ಬೆರಳುಗಳ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದರು. ಇನ್ನೊಮ್ಮೆ ಕೂಡಿಸಿ ಎಬ್ಬಿಸಿ, ಗೆರೆಯನ್ನು ಒಂದು ಇಂಚು ಕೆಳಗಿಳಿಸಿದರು.

ಮಾರನೇ ದಿನ ನಲ್ಲಿಯ ಪೈಪಿನಿಂದ ಸೀರೆಯ ತುಂಡನ್ನು ಆಕೆಯೇ ಬಿಚ್ಚಿದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಎರಡು ಲೋಟ ಮಜ್ಜಿಗೆ ಕುಡಿದು, ನೀರು ಕೇಳಿದಳು.