ಹನ್ನಳು ಹೊಲಿದ ಅಂಗಿ



ಶಾಲೆ ತೆರೆಯುವ ಹೊತ್ತಿಗೆ ಎಷ್ಟೋ ಮಕ್ಕಳು ಟ್ರಂಕು, ಹಾಸಿಗೆಯೊಂದಿಗೆ ಬೋರ್ಡಿಂಗಿಗೆ ಹೊರಡುತ್ತಾರೆ. ಊರಿನಲ್ಲಿ ಹೈಸ್ಕೂಲು ಇಲ್ಲದಿರಬಹುದು, ಮನೆಯಲ್ಲಿ ಓದಿಗೆ ಅನುಕೂಲವಿಲ್ಲದಿರಬಹುದು, ಕಳುಹಿಸುವುದು ತಪ್ಪಲ್ಲ. ಹಟಮಾರಿ ಮಗುವಿಗೆ ಶಿಕ್ಷೆಯೆಂದು ಮಾತ್ರ ಕಳುಹಿಸಬೇಡಿ.

ಹನ್ನಳು ಹಾಲು ಬಿಡಿಸಿದ ಮೇಲೆ ಮಗ ಸಮುವೇಲನನ್ನು ಶಿಲೋವಿನಲ್ಲಿ ಯಾಜಕ ಏಲಿಗೆ ಒಪ್ಪಿಸಿದಳು. ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. ವರ್ಷವರ್ಷವೂ ಪುಟ್ಟ ನಿಲುವಂಗಿಯೊಂದನ್ನು ಹೊಲಿದು ತಂದುಕೊಡುತ್ತಿದ್ದಳು (1 ಸಮುವೇಲ 2:19). ಅಳತೆ ತಪ್ಪದಂತೆ ಹೊಲಿಯಲು ಮಗ ಎಷ್ಟು ಬೆಳೆದಿದ್ದಾನೆಂದು ತಾಯಿಗೆ ತಿಳಿದಿರಬೇಕಲ್ಲವೇ?

ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರು ತಂದೆತಾಯಂದಿರೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಫೀಸು ಕಟ್ಟಿದ ಮಾತ್ರಕ್ಕೆ ಈ ಹೊಣೆ ವಾರ್ಡನ್ನರ ಹೆಗಲಿಗೆ ದಾಟುವುದಿಲ್ಲ.

ಸೇರಿಸುವ ಮುನ್ನ ಮಗುವನ್ನೂ ಕರೆದೊಯ್ದು ಮಲಗುವ ಕೋಣೆ, ಊಟದ ಮನೆ, ಶೌಚಾಲಯ ನೋಡಿ. ಕಾಯಿಲೆಯಾದರೆ ಆರೈಕೆ ಯಾರದೆಂದು ಕೇಳಿ. ಭೇಟಿಯ ದಿನ ತಪ್ಪಿಸಬೇಡಿ. ಅಂದು ಮಾರ್ಕು ವಿಚಾರಿಸುವ ಮೊದಲು, ಬೇರೆಯವರಿಲ್ಲದಾಗ, "ಇಲ್ಲಿ ಯಾರಿಗಾದರೂ ಹೆದರುತ್ತೀಯಾ?" ಎಂದು ಕೇಳಿ. ಹೌದೆಂದರೆ ಗದರಬೇಡಿ, ನಂಬಿ. ಅಗತ್ಯವಿದ್ದರೆ ಮನೆಗೆ ಕರೆತನ್ನಿ. ಅದು ಗುರುಗಳು, ಧರ್ಮಭಗಿನಿಯರು ನಡೆಸುವ ಬೋರ್ಡಿಂಗೇ ಆಗಿರಲಿ, ಸಂಕೋಚ ಬೇಡ.

ಹನ್ನಳ ಎಚ್ಚರವನ್ನು ಪ್ರಭು ನಮ್ಮ ಕುಟುಂಬಗಳಿಗೂ ದಯಪಾಲಿಸಲಿ.